ಹಳೇ ಕಸುವು ಎಲ್ಲಿ ಉಳಿದಿರುತ್ತದೆ?

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ಅದೇ ಜಿಲ್ಲೆಯ ಕಳ್ಳಕವಟಗಿ, ತಿಕೋಟಾ ಕಡೆಯವರಿಗೆ ಎತ್ತಿ ಕಸುವು ತೋರಿಸುವ ಸಂಗ್ರಾಣಿ ಕಲ್ಲು ಹೊಸದಲ್ಲ. ಅಂಗೈಗೆ ಮಣ್ಣು ತಿಕ್ಕಿ, ಕುಕ್ಕರಗಾಲಲ್ಲಿ ಕೂತು, ಕಲ್ಲನ್ನು ತೊಡೆಯ ಮೇಲೆ ಹೊರಳಿಸಿಕೊಂಡು ಎದೆಗೆ ಅವುಚಿ ಎದ್ದು ನಿಲ್ಲಬೇಕು. ದುಡಿಯಲು ಪುಣೆಗೆ ಹೋಗಿ ಎರಡು ವರ್ಷ ಕಲ್ಲು ಮುಟ್ಟದವನು ಊರಿಗೆ ಬಂದರೆ ಹೊಸಬರಿಗಿಂತ ಬೇಗ ಹದಕ್ಕೆ ಬರುತ್ತಾನೆ. ‘ಹಳೇ ಕಸುವು ಎಲ್ಲಿ ಹೋಗತೈತಿ’ ಅನ್ನುವುದು ಹಿರಿಯರ ಮಾತು.

ಆ ಕಸುವಿನ ಗುರುತು ಜೀನ್‌ಗಳಲ್ಲಿ ಉಳಿದಿರಬಹುದೇ? ಕಸರತ್ತಿನಿಂದ ಜೀನ್‌ಗಳ ಬರಹ ಬದಲಾಗುವುದಿಲ್ಲ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂಬುದು ಬದಲಾಗುತ್ತದೆ. ಇದು ದ್ರಾಕ್ಷಿ ತೋಟದ ಡ್ರಿಪ್ ಪೈಪಿನ ವಾಲ್ವ್ ಇದ್ದಂತೆ. ಡಿಎನ್‌ಎ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಕೂತರೆ ಆ ಜೀನ್ ಸಾಮಾನ್ಯವಾಗಿ ಮಂಕಾಗುತ್ತದೆ, ಅದು ಕಳಚಿದರೆ ಚುರುಕಾಗುತ್ತದೆ. ನಮ್ಮ ಜಿಲ್ಲೆಯ ಸೈಕಲ್ ಪಟುಗಳು ತಾಸುಗಟ್ಟಲೆ ಪೆಡಲ್ ತುಳಿದಾಗ ಪಿಜಿಸಿ-1 ಆಲ್ಫಾ ಎಂಬ ಜೀನ್ ಎಚ್ಚರಗೊಂಡು, ಸ್ನಾಯುಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳನ್ನು ಹೆಚ್ಚಿಸುತ್ತದೆ. ಕಲ್ಲು ಎತ್ತುವವನಲ್ಲಿ ಒತ್ತು ಬೀಳುವುದು ಸ್ನಾಯುವಿನ ಎಳೆ ದಪ್ಪವಾಗುವುದರ ಮೇಲೆ.

ಕಸರತ್ತಿನಿಂದ ಮೀಥೈಲ್ ಗುರುತುಗಳು ಬದಲಾಗುವುದನ್ನು ಅಳೆಯಲು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಹೂಡಿದ ಉಪಾಯ ನನಗೆ ಬಹಳ ಇಷ್ಟ. ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಿದರೆ ಊಟ, ನಿದ್ದೆ, ವಂಶ ಎಲ್ಲವೂ ಬೇರೆಯಾಗುತ್ತವೆ. ಅದಕ್ಕೇ ಅವರು 23 ಮಂದಿಗೆ ಮೂರು ತಿಂಗಳು, ವಾರಕ್ಕೆ ನಾಲ್ಕು ಸಲ, 45 ನಿಮಿಷ ಒಂದೇ ಕಾಲನ್ನು ಮಂಡಿಯಿಂದ ಚಾಚಿ ಒದೆಯುವ ಕಸರತ್ತು ಮಾಡಿಸಿದರು. ಇನ್ನೊಂದು ಕಾಲು ಸುಮ್ಮನಿತ್ತು. ಆಮೇಲೆ ಎರಡೂ ತೊಡೆಗಳಿಂದ ಚೂರು ಸ್ನಾಯು ತೆಗೆದು ನೋಡಿದರೆ, ದಣಿದ ಕಾಲಿನಲ್ಲಿ ಮಾತ್ರ ಸುಮಾರು 5000 ಕಡೆ ಮೀಥೈಲ್ ಗುರುತುಗಳು ಬದಲಾಗಿದ್ದವು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಅದೇ 23 ಮಂದಿಯಲ್ಲಿ ಕೆಲವರು ಒಂಬತ್ತು ತಿಂಗಳು ಕಸರತ್ತು ಬಿಟ್ಟು, ಮರಳಿ ಬಂದು ಎರಡೂ ಕಾಲಿಗೆ ಅಭ್ಯಾಸ ಕೊಟ್ಟರು. ಮೊದಲು ಪಳಗಿದ ಕಾಲಿನ ಜೀನ್‌ಗಳ ಚಟುವಟಿಕೆಯಲ್ಲಿ ಹಳೆಯ ನೆನಪಿನ ಸುಳಿವೇ ಸಿಗಲಿಲ್ಲ. ಹಿರಿಯರ ಮಾತು ಸುಳ್ಳಾಯಿತೇ?

ಅದು ಸೈಕಲ್ ತುಳಿದಂಥ ಕಸರತ್ತು. ಭಾರ ಎತ್ತುವುದರ ಕತೆ ಬೇರೆ. 2018ರಲ್ಲಿ ಇಂಗ್ಲೆಂಡಿನ ಸಂಶೋಧಕರು ಎಂಟು ಗಂಡಸರಿಗೆ ಏಳು ವಾರ ಭಾರ ಎತ್ತಿಸಿ, ಏಳು ವಾರ ಬಿಡಿಸಿ, ಮತ್ತೆ ಏಳು ವಾರ ಎತ್ತಿಸಿದರು. ಬಿಡುವಿನಲ್ಲಿ ಸ್ನಾಯು ಇಳಿಯಿತು. ಆದರೆ ಕೆಲವು ಜೀನ್‌ಗಳ ಮೇಲಿಂದ ಕಳಚಿದ್ದ ಮೀಥೈಲ್ ಮರಳಿ ಕೂರಲಿಲ್ಲ. ಎರಡನೇ ಸುತ್ತಿನಲ್ಲಿ ಸ್ನಾಯು ಮೊದಲಿಗಿಂತ ಹೆಚ್ಚೇ ಬೆಳೆಯಿತು. ಎಂಟೇ ಜನರ ಸಣ್ಣ ಅಧ್ಯಯನ, ನಿಜ. ಪುಣೆಯಿಂದ ಬಂದವನ ತೊಡೆಯಲ್ಲೂ ಒಂದೆರಡು ವಾಲ್ವ್ ತೆರೆದೇ ಉಳಿದಿದ್ದರೆ ನನಗಂತೂ ಆಶ್ಚರ್ಯವಿಲ್ಲ.