ಮಂಡಿನೋವಿಗೆ ಲೇಸರ್ ಬೆಳಕು: ಪರೀಕ್ಷೆಗಳು ಹೇಳುವುದೇನು, ದುಡ್ಡು ಕೊಡುವ ಮುನ್ನ ಕೇಳಬೇಕಾದ್ದೇನು

ಶಿಕಾರಿಪುರ, ಸೊರಬ ಸೀಮೆಯಲ್ಲಿ ಐವತ್ತು ದಾಟಿದವರಿರುವ ಮನೆಗಳಲ್ಲಿ ಮಂಡಿನೋವಿನ ಮಾತು ಬರದ ದಿನ ಕಡಿಮೆ. ನಾಟಿ, ಕಳೆ, ಅಡಿಕೆ ಸುಲಿಯುವುದು, ಹಿತ್ತಲ ಕೆಲಸ ಎಲ್ಲಕ್ಕೂ ಕುಕ್ಕರುಗಾಲಲ್ಲಿ ಕೂರಬೇಕು, ಬಗ್ಗಬೇಕು, ಮತ್ತೆ ಏಳಬೇಕು. ಬಸದಿಯಲ್ಲಿ ನೆಲದ ಮೇಲೆ ಕುಳಿತು ಮಾಡುವ ಪೂಜೆ, ಮನೆಯಲ್ಲಿ 48 ನಿಮಿಷದ ಸಾಮಾಯಿಕ, ಶ್ರವಣಬೆಳಗೊಳಕ್ಕೆ ಹೋದಾಗ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಇವಕ್ಕೂ ಮಂಡಿ ಗಟ್ಟಿ ಇರಬೇಕು.

ಇದು ಒಂದು ಊರಿನ ಸಮಸ್ಯೆಯಲ್ಲ. ಬೆಂಗಳೂರೂ ಸೇರಿದಂತೆ ದೇಶದ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, 40 ವರ್ಷ ದಾಟಿದವರಲ್ಲಿ ಶೇ. 28.7ರಷ್ಟು ಮಂದಿಗೆ ಮಂಡಿ ಸವೆತ ಕಂಡುಬಂದಿತ್ತು.

ಇಂಥವರಿಗೆ ಈಚೆಗೆ ಸಿಗುವ ಸಲಹೆಗಳಲ್ಲಿ ಒಂದು, "ಲೇಸರ್ ಹಾಕಿಸಿ ನೋಡಿ" ಎನ್ನುವುದು. ಮಾತ್ರೆ ಇಲ್ಲ, ಸೂಜಿ ಇಲ್ಲ, ಆಪರೇಷನ್ ಇಲ್ಲ ಎಂದಾಗ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಒಂದು ಸರದಿಗೆ ಹತ್ತು ಹನ್ನೆರಡು ಸಲ ಹೋಗಬೇಕು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ., ಸೊರಬದಿಂದ ಇನ್ನೂ ದೂರ. ಚಿಕಿತ್ಸೆಯ ಶುಲ್ಕದ ಜೊತೆಗೆ ಬಸ್ ಖರ್ಚು, ಜೊತೆಗೆ ಬರುವವರ ಕೂಲಿ ನಷ್ಟ, ನೋಯುವ ಮಂಡಿಯಲ್ಲೇ ಅಷ್ಟು ಪ್ರಯಾಣ. ಆದ್ದರಿಂದ ಹೊರಡುವ ಮುನ್ನ ವಿಷಯ ತಿಳಿದಿರುವುದು ಒಳ್ಳೆಯದು.

ಮಂಡಿ ಸವೆತ ಎಂದರೇನು?

ತೊಡೆಯ ಮೂಳೆ ಮತ್ತು ಕಾಲಿನ ಮೂಳೆ ಕೂಡುವ ಜಾಗದಲ್ಲಿ ನುಣುಪಾದ ಮೆತ್ತೆಯೊಂದಿದೆ. ಅದು ಮೃದ್ವಸ್ಥಿ. ವಯಸ್ಸು, ತೂಕ, ಹಳೆಯ ಪೆಟ್ಟು, ವಂಶದ ಗುಣ ಇವುಗಳಿಂದ ಅದು ತೆಳ್ಳಗಾಗುತ್ತದೆ. ಜೊತೆಗೆ ಕೀಲಿನ ಒಳಪೊರೆ ಊದಿಕೊಳ್ಳುತ್ತದೆ, ಮೂಳೆಯ ಅಂಚು ಬೆಳೆಯುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ. ಇದನ್ನೇ ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ಒಮ್ಮೆ ಸವೆದ ಮೃದ್ವಸ್ಥಿಯನ್ನು ಮೊದಲಿನಂತೆ ಬೆಳೆಸಿಕೊಡುವ ಔಷಧಿ ಇಂದಿಗೂ ಇಲ್ಲ. ಲೇಸರ್ ಕೂಡ ಆ ಕೆಲಸ ಮಾಡುವುದಿಲ್ಲ. ಅದರಿಂದ ನಿರೀಕ್ಷಿಸಬಹುದಾದ್ದು ನೋವು ಮತ್ತು ಊತ ತಗ್ಗುವುದು ಮಾತ್ರ.

ಈ ಬೆಳಕು ಬಂದದ್ದು ಎಲ್ಲಿಂದ?

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ, ಅಮೆರಿಕದ ಥಿಯೋಡರ್ ಮೈಮನ್ ಅವರ ಕೈಯಲ್ಲಿ. 1967ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್, ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡಲು ಇಲಿಗಳ ಬೆನ್ನಿನ ಕೂದಲು ತೆಗೆದು ಬೆಳಕು ಬಿಟ್ಟರು. ಕ್ಯಾನ್ಸರ್ ಬರಲಿಲ್ಲ. ಬದಲಿಗೆ ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು. ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆಯ ಯೋಚನೆ ಶುರುವಾದದ್ದು ಅಲ್ಲಿಂದ.

ಆಪರೇಷನ್‌ನಲ್ಲಿ ಮಾಂಸ ಕತ್ತರಿಸಲು ಬಳಸುವ ಲೇಸರ್ ಬೇರೆ, ಇದು ಬೇರೆ. ಇದರ ಶಕ್ತಿ ಅರ್ಧ ವ್ಯಾಟ್‌ಗಿಂತ ಕಡಿಮೆ. ಚರ್ಮ ಸುಡುವುದಿಲ್ಲ, ಬಿಸಿಯೂ ಅಷ್ಟಾಗಿ ಗೊತ್ತಾಗುವುದಿಲ್ಲ. ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಂಡು, ಅದರಿಂದ ಉರಿಯೂತ ತಗ್ಗುತ್ತದೆ ಎಂಬುದು ಹೆಚ್ಚಿನ ವಿಜ್ಞಾನಿಗಳು ಕೊಡುವ ವಿವರಣೆ. ವಿವರಣೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಮಂಡಿನೋವು ಕಡಿಮೆಯಾಗುತ್ತದೆ ಎಂದಾಗುವುದಿಲ್ಲ. ಅದನ್ನು ರೋಗಿಗಳಲ್ಲೇ ಪರೀಕ್ಷಿಸಬೇಕು.

ಪಕ್ಕದ ಮನೆಯವರಿಗೆ ಗುಣವಾದರೆ ಸಾಲದೇ?

ಸಾಲದು. ಮಂಡಿನೋವು ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಜನ ಚಿಕಿತ್ಸೆಗೆ ಹೋಗುವುದು ನೋವು ಹೆಚ್ಚಿದಾಗ. ಹಾಗಾಗಿ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ಅದರ ಮೇಲೆ, ಯಾರೋ ಮಂಡಿ ಮುಟ್ಟಿ ನೋಡಿದರು, ಯಂತ್ರ ಹಿಡಿದರು ಎಂಬ ನಂಬಿಕೆಯೇ ನೋವನ್ನು ತಗ್ಗಿಸುತ್ತದೆ.

ಈ ನಂಬಿಕೆಯ ಬಲ ಎಷ್ಟು ಎನ್ನುವುದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಗೊತ್ತಾಯಿತು. ಅಲ್ಲಿ 180 ಮಂಡಿ ರೋಗಿಗಳಲ್ಲಿ ಕೆಲವರಿಗೆ ದುರ್ಬೀನಿನ ಆಪರೇಷನ್ ಮಾಡಿದರು, ಉಳಿದವರಿಗೆ ಚರ್ಮದ ಮೇಲೆ ಗಾಯ ಮಾತ್ರ ಮಾಡಿ ಹೊಲಿದರು. ಎರಡು ವರ್ಷ ನೋಡಿದರೂ ನಿಜವಾದ ಆಪರೇಷನ್ ಆದವರ ನೋವು ಸೋಗಿನ ಆಪರೇಷನ್ ಆದವರಿಗಿಂತ ಕಡಿಮೆ ಇರಲಿಲ್ಲ. 2002ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆದ್ದರಿಂದ ಲೇಸರನ್ನೂ ಹಾಗೆಯೇ ಪರೀಕ್ಷಿಸುತ್ತಾರೆ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾದ ಬೆಳಕು, ಇನ್ನೊಂದಕ್ಕೆ ಅದೇ ಯಂತ್ರ, ಅದೇ ಸದ್ದು, ಆದರೆ ಬೆಳಕು ಬರದು. ಮಂಡಿಗೆ ಬಳಸುವ ಲೇಸರ್ ಹೆಚ್ಚಾಗಿ ಕಣ್ಣಿಗೆ ಕಾಣದ ಅವಗೆಂಪು ಬೆಳಕು, ಬಿಸಿಯೂ ಇಲ್ಲ. ಹೀಗಾಗಿ ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ಚಿಕಿತ್ಸೆ ಕೊಡುವವರಿಗೂ ತಿಳಿಯದಂತೆ ಪರೀಕ್ಷೆ ನಡೆಸಬಹುದು. ಕೊನೆಗೆ ಎರಡೂ ಗುಂಪಿನ ನೋವನ್ನು ಅಳೆದು ಹೋಲಿಸುತ್ತಾರೆ.

ಪರೀಕ್ಷೆಗಳ ಫಲಿತಾಂಶ

ಟರ್ಕಿ ದೇಶವೊಂದರಿಂದಲೇ ಎರಡು ಬಗೆಯ ಉತ್ತರ ಬಂತು. 2003ರಲ್ಲಿ 90 ರೋಗಿಗಳ ಪರೀಕ್ಷೆಯಲ್ಲಿ ಲೇಸರ್ ಪಡೆದವರಿಗೆ ಸೋಗಿನ ಲೇಸರ್ ಪಡೆದವರಿಗಿಂತ ಹೆಚ್ಚು ಆರಾಮ ಸಿಕ್ಕಿತು. 2004ರಲ್ಲಿ 60 ರೋಗಿಗಳ ಇನ್ನೊಂದು ಪರೀಕ್ಷೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. 2015ರಲ್ಲಿ ಒಂಬತ್ತು ಪರೀಕ್ಷೆಗಳ 518 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದವರು, ಲೇಸರ್‌ನಿಂದ ಪ್ರಯೋಜನವಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ ಎಂದರು.

2019ರಲ್ಲಿ ನಾರ್ವೆಯ ಬರ್ಗೆನ್‌ನ ಸಂಶೋಧಕರು ಇದನ್ನು ಬೇರೆ ರೀತಿಯಲ್ಲಿ ನೋಡಿದರು. ಅವರು ಸೋಗಿನ ಲೇಸರ್‌ಗೆ ಹೋಲಿಸಿದ 22 ಪರೀಕ್ಷೆಗಳನ್ನು, ಒಟ್ಟು 1063 ರೋಗಿಗಳನ್ನು ತೆಗೆದುಕೊಂಡು, ಬೆಳಕಿನ ಪ್ರಮಾಣದ ಪ್ರಕಾರ ವಿಂಗಡಿಸಿದರು. ನೋವಿನ ಅಳತೆ 0ಯಿಂದ 100. ನೋವೇ ಇಲ್ಲದಿದ್ದರೆ 0, ತಡೆಯಲಾರದ ನೋವಿದ್ದರೆ 100. ಎಲ್ಲ ಪರೀಕ್ಷೆ ಸೇರಿಸಿದಾಗ, ಚಿಕಿತ್ಸೆ ಮುಗಿದ ಹೊತ್ತಿಗೆ ಲೇಸರ್ ಪಡೆದವರ ನೋವು ಸೋಗಿನ ಗುಂಪಿಗಿಂತ ಸುಮಾರು 14 ಅಂಕ ಕಡಿಮೆ ಇತ್ತು. ಶಿಫಾರಸಾದ ಪ್ರಮಾಣದಲ್ಲಿ ಬೆಳಕು ಕೊಟ್ಟ ಪರೀಕ್ಷೆಗಳಲ್ಲಿ ಅದು ಸುಮಾರು 19 ಅಂಕ. ಚಿಕಿತ್ಸೆ ಮುಗಿದ 2ರಿಂದ 4 ವಾರಗಳ ಹೊತ್ತಿಗೆ ವ್ಯತ್ಯಾಸ ಅತಿ ಹೆಚ್ಚಾಗಿ, ಸುಮಾರು 32 ಅಂಕ ತಲುಪಿತ್ತು. ರೋಗಿಗೆ "ಹೌದು, ಕಡಿಮೆಯಾಗಿದೆ" ಅನ್ನಿಸಲು ಸುಮಾರು 20 ಅಂಕ ಇಳಿಯಬೇಕು. ಪ್ರಮಾಣ ಸರಿಯಿಲ್ಲದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಇಷ್ಟಾದರೂ ವಿಷಯ ತೀರ್ಮಾನವಾಗಿಲ್ಲ. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಸಣ್ಣವು, ರೋಗಿಗಳನ್ನು ನೋಡಿದ್ದು ಕೆಲವೇ ತಿಂಗಳು. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ, ಆಧಾರ ಸಾಲದೆಂದು, ಮಂಡಿ ಸವೆತಕ್ಕೆ ಲೇಸರ್ ಕೊಡಬಾರದು ಎಂದೇ ಹೇಳಿದೆ. ಒಟ್ಟಿನಲ್ಲಿ, ಸರಿಯಾದ ಪ್ರಮಾಣದ ಲೇಸರ್‌ನಿಂದ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ನೋವು ಇಳಿಯಬಹುದು. ಸವೆತ ಹಿಂದಿರುಗುವುದಿಲ್ಲ.

ಪ್ರಮಾಣದ ಲೆಕ್ಕ

ಬೆಳಕಿನ ಶಕ್ತಿಯನ್ನು ಜೌಲ್‌ನಲ್ಲಿ ಅಳೆಯುತ್ತಾರೆ. ಲೆಕ್ಕ ಸುಲಭ. 100 ಮಿಲಿವ್ಯಾಟ್‌ನ ಲೇಸರನ್ನು ಒಂದು ಜಾಗದ ಮೇಲೆ 40 ಸೆಕೆಂಡ್ ಹಿಡಿದರೆ 4 ಜೌಲ್. 50 ಮಿಲಿವ್ಯಾಟ್ ಆದರೆ ಅದಕ್ಕೆ 80 ಸೆಕೆಂಡ್ ಬೇಕು. 785ರಿಂದ 860 ನ್ಯಾನೋಮೀಟರ್‌ನ ಬೆಳಕಾದರೆ ಮಂಡಿಯ ಪ್ರತಿ ಬಿಂದುವಿಗೆ 4ರಿಂದ 8 ಜೌಲ್, 904 ನ್ಯಾನೋಮೀಟರ್ ಆದರೆ 1ರಿಂದ 3 ಜೌಲ್ ಎಂಬುದು ನಾರ್ವೆಯವರು ಬಳಸಿದ ಅಳತೆಗೋಲು. 2004ರ ಟರ್ಕಿಯ ಪರೀಕ್ಷೆಯಲ್ಲಿ 830 ನ್ಯಾನೋಮೀಟರ್ ಬೆಳಕನ್ನು ಬಿಂದುವಿಗೆ 3 ಜೌಲ್ ಅಥವಾ ಅದರ ಅರ್ಧದಷ್ಟೇ ಕೊಟ್ಟಿದ್ದರು. ಅದು ಫಲಿಸದಿರಲು ಇದೂ ಕಾರಣವಿರಬಹುದು.

ದುಡ್ಡು ಕೊಡುವ ಮುನ್ನ ಕೇಳಿ

1. ಯಂತ್ರದ ತರಂಗಾಂತರ ಎಷ್ಟು, ಶಕ್ತಿ ಎಷ್ಟು ಮಿಲಿವ್ಯಾಟ್? ಇದು ಕಡಿಮೆ ಶಕ್ತಿಯದೋ, ಬಿಸಿ ತರುವ ಹೆಚ್ಚಿನ ಶಕ್ತಿಯದೋ? ಮೇಲಿನ ಅಂಕಿಗಳು ಕಡಿಮೆ ಶಕ್ತಿಯದಕ್ಕೆ ಮಾತ್ರ.
2. ಒಂದೊಂದು ಬಿಂದುವಿಗೆ ಎಷ್ಟು ಜೌಲ್, ಎಷ್ಟು ಬಿಂದು?
3. ಒಟ್ಟು ಎಷ್ಟು ಸಲ ಬರಬೇಕು, ಪೂರ್ತಿ ಖರ್ಚೆಷ್ಟು? ದಿನವೂ ಎರಡು ವಾರ, ಇಲ್ಲವೇ ದಿನ ಬಿಟ್ಟು ದಿನ ಮೂರು ನಾಲ್ಕು ವಾರ ಎನ್ನುವುದು ಸಾಮಾನ್ಯ ಕ್ರಮ.
4. ಜೊತೆಗೆ ವ್ಯಾಯಾಮ ಕಲಿಸುತ್ತೀರಾ?
5. ಕಣ್ಣಿಗೆ ರಕ್ಷಣೆಯ ಕನ್ನಡಕ ಕೊಡುತ್ತೀರಾ? ಕಾಣದ ಬೆಳಕೂ ಕಣ್ಣಿಗೆ ಅಪಾಯ.

ಮೊದಲೆರಡು ಪ್ರಶ್ನೆಗೆ ಉತ್ತರ ಬರದಿದ್ದರೆ, ಅಥವಾ "ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ" ಎಂಬ ಭರವಸೆ ಕೊಟ್ಟರೆ, ಮುಂಗಡ ಹಣ ಕೊಡದೆ ಹಿಂದಿರುಗುವುದು ಲೇಸು.

ಸಂಶೋಧನೆಗೆ ಸೇರಿ ಎಂದು ಯಾರಾದರೂ ಕೇಳಿದರೆ, ಅದು ಭಾರತದ ಕ್ಲಿನಿಕಲ್ ಪರೀಕ್ಷೆಗಳ ನೋಂದಣಿಯಲ್ಲಿ ಇದೆಯೇ ಎಂದು ವಿಚಾರಿಸಿ. 2007ರಲ್ಲಿ ಆರಂಭವಾದ ಈ ನೋಂದಣಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ, ಮನೆಗೆ ತಂದು ಮಕ್ಕಳ ಕೈಯಲ್ಲೂ ಓದಿಸಿ. ನಿಮಗೆ ಸೋಗಿನ ಬೆಳಕು ಬರುವ ಸಾಧ್ಯತೆ ಇದೆ ಎಂಬುದು ಅದರಲ್ಲಿರಬೇಕು. ಬೇಡವೆನಿಸಿದಾಗ ಹೊರಬರುವ ಹಕ್ಕು ನಿಮಗಿದೆ.

ನಮ್ಮ ಮನೆಗಳಿಗೆ ವಿಶೇಷವಾಗಿ

ಮಂಡಿಗೆಂದು ಮಾರುವ ಗ್ಲುಕೋಸಮೈನ್ ಹೆಚ್ಚಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ಬರುತ್ತದೆ. ಕಾಂಡ್ರಾಯ್ಟಿನ್ ಮತ್ತು ಕೊಲಾಜೆನ್ ಪ್ರಾಣಿಗಳಿಂದ ಬಂದವು. ಎಷ್ಟೋ ಕ್ಯಾಪ್ಸೂಲ್‌ಗಳ ಹೊದಿಕೆ ಜಿಲೆಟಿನ್. ಕೀಲಿಗೆ ಚುಚ್ಚುವ ಹೈಲುರಾನಿಕ್ ಆಮ್ಲದಲ್ಲಿ ಕೆಲವು ಕೋಳಿಯ ಜುಟ್ಟಿನಿಂದ ತಯಾರಾದವು. ಅಹಿಂಸೆಯ ಕಾರಣಕ್ಕೆ ಇವನ್ನು ಬಿಡುವವರು ಏನೂ ಕಳೆದುಕೊಳ್ಳುವುದಿಲ್ಲ. ಗ್ಲುಕೋಸಮೈನ್ ಮತ್ತು ಹೈಲುರಾನಿಕ್ ಇಂಜೆಕ್ಷನ್ ಎರಡನ್ನೂ ನೈಸ್ ಮಾರ್ಗಸೂಚಿ ಬೇಡವೆಂದಿದೆ.

ಉಪವಾಸದ ದಿನಗಳಲ್ಲಿ ನೋವಿನ ಮಾತ್ರೆಯ ಬಗ್ಗೆ ಎಚ್ಚರ ಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಖಾಲಿ ಹೊಟ್ಟೆಯಲ್ಲಿ ಜಠರವನ್ನು, ನೀರು ಕಡಿಮೆಯಾದಾಗ ಮೂತ್ರಪಿಂಡವನ್ನು ಕೆಡಿಸಬಹುದು. ಪರ್ಯುಷಣ ಅಥವಾ ದಶಲಕ್ಷಣ ಪರ್ವಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ. ಮಂಡಿಗೆ ಹಚ್ಚುವ ಇದೇ ಬಗೆಯ ಜೆಲ್ ಹೆಚ್ಚು ಸುರಕ್ಷಿತ.

ಬುನಾದಿ ಬೇರೆಯೇ ಇದೆ

ತಜ್ಞರೆಲ್ಲ ಒಪ್ಪುವ ಚಿಕಿತ್ಸೆ ಎರಡು: ವ್ಯಾಯಾಮ, ಮತ್ತು ತೂಕ ಹೆಚ್ಚಿದ್ದರೆ ಇಳಿಸುವುದು. ದೇಹದ ತೂಕ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕೆ.ಜಿ. ಇಳಿಯುತ್ತದೆ ಎಂದು 2005ರ ಅಮೆರಿಕದ ಅಧ್ಯಯನ ತೋರಿಸಿತು.

ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು ಐದು ಎಣಿಸಿ ಇಳಿಸಿ. ಕಾಲಿಗೆ ಹತ್ತು ಸಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಎಂಟು ಹತ್ತು ಸಲ. ದಿನಕ್ಕೆರಡು ಬಾರಿ ಮಾಡಿ, ಆರರಿಂದ ಎಂಟು ವಾರ ಬಿಡದೆ ಮುಂದುವರಿಸಿದರೆ ಫಲ ತಿಳಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಲಿ. ಪೂಜೆ, ಸಾಮಾಯಿಕಕ್ಕೆ ಕುರ್ಚಿ ಬಳಸಲು ಹಿರಿಯರು ಸಂಕೋಚಪಡಬೇಕಿಲ್ಲ.

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 40 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯ ಕ್ರಮವೂ ಹೀಗೇ ಇತ್ತು: ಮೊದಲು ಮೂರು ವಾರ ಲೇಸರ್, ನಂತರ ಎಂಟು ವಾರ ವ್ಯಾಯಾಮ. ನಿಜವಾದ ಲೇಸರ್ ಪಡೆದವರು ಹೆಚ್ಚು ಸುಧಾರಿಸಿದರು. ಲೇಸರ್‌ಗೆ ತಕ್ಕ ಜಾಗ ಇದೇ. ನೋವಿನಿಂದ ವ್ಯಾಯಾಮವನ್ನೇ ಮಾಡಲಾಗದವರಿಗೆ ಶುರುಮಾಡಲು ಅದು ಕೈ ಆಸರೆಯಾಗಬಹುದು.

ಮಂಡಿ ಇದ್ದಕ್ಕಿದ್ದಂತೆ ಊದಿ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಲೇಸರ್ ಕೇಂದ್ರಕ್ಕಲ್ಲ, ಮೊದಲು ಆಸ್ಪತ್ರೆಗೆ ಹೋಗಿ. ಶಿಕಾರಿಪುರ, ಸೊರಬದ ತಾಲ್ಲೂಕು ಆಸ್ಪತ್ರೆಗಳಲ್ಲಿ ತೋರಿಸಿ, ಅಗತ್ಯವಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆಸಿಕೊಳ್ಳಬಹುದು. ಉಳಿದವರು ಇವತ್ತೇ ಮನೆಯ ಕುರ್ಚಿಯಲ್ಲಿ ವ್ಯಾಯಾಮ ಆರಂಭಿಸಬಹುದು. ಅದಕ್ಕೆ ಬಸ್ ಹತ್ತಬೇಕಿಲ್ಲ, ಖರ್ಚೂ ಇಲ್ಲ.