ಹೊಸ್ತಿಲ ಮೇಲೆ ನಿಂತಿದ್ದ ಬ್ರಿಟನ್

2016ರ ಜೂನ್ 23ರಂದು ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟ ಬಿಟ್ಟು ಹೊರಬರೋಣ ಅಂತ ಮತ ಹಾಕಿದಾಗ, ಇದ್ದಕ್ಕಿದ್ದಂತೆ ಇವರಿಗೇನಾಯ್ತು ಅಂತ ಎಷ್ಟೋ ಜನ ಕೇಳಿದರು. ನಾನು ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಪ್ರೋಗ್ರಾಂ ಇವತ್ತು ಕೆಟ್ಟು ನಿಂತರೆ ತಪ್ಪು ಇವತ್ತಿನದೇ ಆಗಿರಬೇಕಿಲ್ಲ, ಎಷ್ಟೋ ವರ್ಷದ ಹಿಂದೆ ಬರೆದ ಯಾವುದೋ ಸಾಲಿನಲ್ಲಿ ಅಡಗಿರುತ್ತೆ ಅನ್ನೋದು ನಮ್ಮ ಕೆಲಸದ ಮೊದಲ ಪಾಠ. ಬ್ರೆಕ್ಸಿಟ್‌ನ ಹಳೇ ಸಾಲು ಹುಡುಕುತ್ತಾ ಹೋದರೆ ನಾವು 1950ಕ್ಕೆ ಹೋಗಿ ನಿಲ್ತೀವಿ.

ಆ ವರ್ಷ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಒಂದು ಪ್ರಸ್ತಾಪ ಇಟ್ಟರು. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕು ಎರಡನ್ನೂ ಒಂದೇ ಮಂಡಳಿಯ ಕೈಗೆ ಕೊಡೋಣ, ಬೇರೆ ದೇಶಗಳೂ ಸೇರಬಹುದು ಅಂತ. ಕಲ್ಲಿದ್ದಲು, ಉಕ್ಕು ಇಲ್ಲದೆ ಯುದ್ಧ ಇಲ್ಲ. ಎಪ್ಪತ್ತು ವರ್ಷದಲ್ಲಿ ಮೂರು ಸಲ ಬಡಿದಾಡಿಕೊಂಡಿದ್ದ ಎರಡು ದೇಶಗಳು ಮತ್ತೆ ಬಂದೂಕು ಎತ್ತದಂತೆ ಮಾಡೋದೇ ಅದರ ಉದ್ದೇಶ. ಅಂದ್ರೆ ವ್ಯಾಪಾರ ಬರೀ ದಾರಿ, ಊರು ಶಾಂತಿ.

ಬ್ರಿಟನ್ನಿಗೆ ಇದು ಹಾಗೆ ಕಾಣಲಿಲ್ಲ. ಅದು ಯುದ್ಧ ಗೆದ್ದ ದೇಶ, ಶತ್ರು ಸೈನ್ಯ ಲಂಡನ್ನಿಗೆ ಕಾಲಿಟ್ಟಿರಲಿಲ್ಲ. ಅದರ ರಫ್ತಿನ ಹತ್ತಿರಹತ್ತಿರ ಅರ್ಧ ಪಾಲು ಹೋಗ್ತಾ ಇದ್ದದ್ದು ಪೌಂಡಿನ ಜೊತೆ ಕಟ್ಟಿಕೊಂಡಿದ್ದ ದೇಶಗಳಿಗೆ, ಅಂದ್ರೆ ಹೆಚ್ಚಾಗಿ ಹಳೇ ಸಾಮ್ರಾಜ್ಯದ ದೇಶಗಳಿಗೆ. ಚರ್ಚಿಲ್ 1946ರಲ್ಲಿ ಜ್ಯೂರಿಕ್‌ನಲ್ಲಿ ಯುರೋಪಿಗೂ ಒಂದು ‘ಸಂಯುಕ್ತ ಸಂಸ್ಥಾನ’ ಬೇಕು ಅಂದಿದ್ದರು ನಿಜ. ಆದರೆ ಆ ಮನೆಯಲ್ಲಿ ಬ್ರಿಟನ್ನಿಗೆ ಅವರು ಕೊಟ್ಟ ಜಾಗ ಹಿತೈಷಿಯದು, ಮನೆಯವರದ್ದಲ್ಲ. ಆಗ ಅಧಿಕಾರದಲ್ಲಿದ್ದ ಆಟ್ಲಿ ಸರ್ಕಾರ 1947ರ ಜನವರಿಯಲ್ಲಷ್ಟೇ ಕಲ್ಲಿದ್ದಲು ಗಣಿಗಳನ್ನು ರಾಷ್ಟ್ರೀಕರಣ ಮಾಡಿತ್ತು. ಅದನ್ನು ತಕ್ಷಣ ಹೊರಗಿನ ಮಂಡಳಿಗೆ ಒಪ್ಪಿಸೋದು ಹೇಗೆ? ಡರ್ಹಮ್‌ನ ಗಣಿ ಕಾರ್ಮಿಕರು ಇದನ್ನು ಒಪ್ಪಲ್ಲ ಅಂತ ಸಚಿವ ಹರ್ಬರ್ಟ್ ಮಾರಿಸನ್ ಹೇಳಿದ ಮಾತು ಪ್ರಸಿದ್ಧ. ಕೊನೆಗೆ ಆರು ದೇಶ ಸೇರಿದವು, ಬ್ರಿಟನ್ ಹೊರಗೇ ಉಳೀತು.

1955ರಲ್ಲಿ ಅದೇ ಆರು ದೇಶಗಳು ಸಾಮಾನ್ಯ ಮಾರುಕಟ್ಟೆಯ ಮಾತುಕತೆ ಶುರು ಮಾಡಿದವು. ಅದಕ್ಕೆ ಬ್ರಿಟನ್ ಸಚಿವರನ್ನು ಕಳಿಸಲಿಲ್ಲ, ವಾಣಿಜ್ಯ ಇಲಾಖೆಯ ರಸೆಲ್ ಬ್ರೆಥರ್ಟನ್ ಎಂಬ ಅಧಿಕಾರಿಯನ್ನು ಕಳಿಸಿತು. ಕೆಲವೇ ತಿಂಗಳಲ್ಲಿ ಅವರೂ ವಾಪಸ್ ಬಂದರು. 1957ರಲ್ಲಿ ರೋಮ್ ಒಪ್ಪಂದ ಆಯ್ತು. ಇದಕ್ಕೆ ಪ್ರತಿಯಾಗಿ ಬ್ರಿಟನ್ 1960ರಲ್ಲಿ ಇನ್ನೂ ಆರು ದೇಶಗಳ ಜೊತೆ ‘ಎಫ್ಟಾ’ ಅನ್ನೋ ಬೇರೆ ಕೂಟ ಕಟ್ಟಿತು. ಅಲ್ಲಿ ಕಾರ್ಖಾನೆ ಸರಕಿಗೆ ಸುಂಕ ಇಳಿಸಿದರೆ ಸಾಕು, ಬೇಸಾಯದ ಗೊಡವೆ ಬಹುಮಟ್ಟಿಗೆ ಇಲ್ಲ.

ಬೇಸಾಯ ಯಾಕೆ ಬೇಡ ಅಂದ್ರೆ, ಪ್ರಶ್ನೆ ಅಡುಗೆಮನೆಯದು. ಯುದ್ಧ ಮುಗಿದು ಒಂಬತ್ತು ವರ್ಷ ಕಳೆದ ಮೇಲೆ, 1954ರಲ್ಲಿ, ಬ್ರಿಟನ್ನಿನಲ್ಲಿ ಆಹಾರದ ರೇಷನ್ ಮುಗಿದಿತ್ತು. ನ್ಯೂಜಿಲೆಂಡಿನ ಬೆಣ್ಣೆ, ಕೆನಡಾದ ಗೋಧಿ ಅಗ್ಗಕ್ಕೆ ಬರ್ತಿತ್ತು, ತನ್ನ ರೈತರಿಗೆ ಕಡಿಮೆ ಬಿದ್ದದ್ದನ್ನು ಸರ್ಕಾರ ತುಂಬಿಕೊಡ್ತಿತ್ತು. ಆರು ದೇಶಗಳ ಪದ್ಧತಿ ತಿರುವುಮುರುವು. ಹೊರಗಿನ ಆಹಾರಕ್ಕೆ ಸುಂಕ ಹಾಕಿ ಒಳಗಿನ ಬೆಲೆ ಏರಿಸಿ ಇಡೋದು. ಅಲ್ಲಿಗೆ ಸೇರಿದರೆ ಬೆಣ್ಣೆ ತುಟ್ಟಿಯಾಗುತ್ತೆ ಅಂತ ಬ್ರಿಟಿಷ್ ಗೃಹಿಣಿ ಹೆದರಿದ್ದರಲ್ಲಿ ತಪ್ಪೇನಿದೆ?

ಆದರೆ ಆ ಆರು ದೇಶಗಳು ಬ್ರಿಟನ್ನಿಗಿಂತ ಬೇಗ ಬೆಳೆದವು. 1956ರಲ್ಲಿ ಸೂಯೆಜ್‌ನಲ್ಲಿ ಮುಖಭಂಗ ಆದಮೇಲೆ ಸಾಮ್ರಾಜ್ಯದ ಭ್ರಮೆಯೂ ಕರಗಿತ್ತು. 1961ರಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ಅರ್ಜಿ ಹಾಕಿದರು. ಇದರಿಂದ ಕಾಮನ್‌ವೆಲ್ತ್ ದೇಶಗಳಿಗೆ ಕಳವಳ. ನಮ್ಮ ಚಹಾ, ಸೆಣಬು, ಹತ್ತಿ ಬಟ್ಟೆಗೆ ಬ್ರಿಟನ್ನಿನಲ್ಲಿದ್ದ ಸುಂಕದ ರಿಯಾಯಿತಿ ಹೋದರೆ ಏನು ಗತಿ? 1962ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಕಾಮನ್‌ವೆಲ್ತ್ ಪ್ರಧಾನಿಗಳ ಸಭೆಯಲ್ಲಿ ನೆಹರೂ ಕೂಡ ಆತಂಕ ತೋಡಿಕೊಂಡರು. ಮುಂದಿನ ತಿಂಗಳೇ ವಿರೋಧ ಪಕ್ಷದ ನಾಯಕ ಗೇಟ್ಸ್‌ಕೆಲ್, ಸೇರಿದರೆ ಸಾವಿರ ವರ್ಷದ ಇತಿಹಾಸ ಮುಗಿದಂತೆ ಅಂದುಬಿಟ್ಟರು. ಇಷ್ಟೆಲ್ಲ ಆದಮೇಲೆ ಬಾಗಿಲು ಹಾಕಿದವರು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್. 1963ರಲ್ಲಿ ಒಂದು ಸಲ, 1967ರಲ್ಲಿ ವಿಲ್ಸನ್ ಅರ್ಜಿ ಹಾಕಿದಾಗ ಇನ್ನೊಂದು ಸಲ.

ಅಂತೂ 1973ರ ಜನವರಿ 1ರಂದು, ಎಡ್ವರ್ಡ್ ಹೀತ್ ಕಾಲದಲ್ಲಿ, ಬ್ರಿಟನ್ ಒಳಗೆ ಬಂತು. ಹೀತ್ ಯುದ್ಧದಲ್ಲಿ ಹೋರಾಡಿದವರು, ಯುರೋಪನ್ನು ಶಾಂತಿಯ ಕೆಲಸ ಅಂತ ಮನಸಾರೆ ನಂಬಿದವರು. ಅಂಥವರು ಅಲ್ಲಿ ಕಡಿಮೆ. ಬೇರೆಯವರು ವಿನ್ಯಾಸ ಮಾಡಿ ಮುಗಿಸಿದ ಪ್ರಾಜೆಕ್ಟಿಗೆ ತಡವಾಗಿ ಸೇರಿದವರ ಕಷ್ಟ ನಿಮಗೂ ಗೊತ್ತಿರಬಹುದು. ದೂರು ಹೇಳಬಹುದು, ಬುನಾದಿ ಬದಲಿಸೋಕಾಗಲ್ಲ. ಬೇಸಾಯದ ನಿಯಮ, ಬಜೆಟ್ ನಿಯಮ ಆಗಲೇ ಬರೆದಾಗಿತ್ತು. ಹೊರಗಿಂದ ಹೆಚ್ಚು ಆಹಾರ ತರಿಸುವ ದೇಶ ಹೆಚ್ಚು ಸುಂಕ ಕಟ್ಟಬೇಕು, ಬೇಸಾಯ ಸಣ್ಣದಾಗಿದ್ದರೆ ವಾಪಸ್ ಬರೋದು ಕಡಿಮೆ. ಎರಡೂ ಬ್ರಿಟನ್ನಿಗೇ ಬಡಿದವು. ಸಾಲದ್ದಕ್ಕೆ ಅದೇ ವರ್ಷ ತೈಲ ಬಿಕ್ಕಟ್ಟು. ಮಿಕ್ಕವರು ಯುರೋಪಿನ ಹೆಸರಲ್ಲಿ ಒಳ್ಳೇ ದಿನ ಕಂಡಿದ್ದರು, ಬ್ರಿಟನ್ನಿನವರು ಕಂಡದ್ದು ಬೆಲೆಯೇರಿಕೆ.

1975ರಲ್ಲಿ ಇರೋಣವೇ ಬೇಡವೇ ಅಂತ ಜನಮತ ಕೇಳಿದಾಗ ಶೇ 67ರಷ್ಟು ಜನ ಇರೋಣ ಅಂದರು. ಮಾರ್ಗರೆಟ್ ಥ್ಯಾಚರ್ ಕೂಡ ಇರೋಣ ಅಂತಲೇ ಪ್ರಚಾರ ಮಾಡಿದ್ದರು. ಮತಪತ್ರದಲ್ಲಿ ‘ಯುರೋಪಿಯನ್ ಸಮುದಾಯ’ ಅಂತ ಬರೆದು ಪಕ್ಕದಲ್ಲೇ ‘ಸಾಮಾನ್ಯ ಮಾರುಕಟ್ಟೆ’ ಅಂತಲೂ ಸೇರಿಸಿದ್ದರು. ಆ ದೇಶದ ಜನ ಅದನ್ನು ಕರೀತಿದ್ದದ್ದೇ ಹಾಗೆ. ನೆರೆಯವರಿಗೆ ಅದು ಮನೆ, ಇವರಿಗೆ ಸಂತೆ.

ನನಗೆ ಅನ್ನಿಸೋದು ಇಷ್ಟು. ಬ್ರಿಟನ್ ಆಯಾ ಕಾಲಕ್ಕೆ ಹಾಕಿದ ಲೆಕ್ಕ ಮೂರ್ಖತನದ್ದೇನಲ್ಲ. ಆದರೆ ಹೊಸ್ತಿಲ ಮೇಲೆ ನಿಂತು ಲೆಕ್ಕ ಹಾಕುವಷ್ಟರಲ್ಲಿ ಒಳಗಿನವರು ಮನೆಯ ನಿಯಮ ಬರೆದು ಮುಗಿಸಿದ್ದರು. 2016ರಲ್ಲಿ ವಲಸೆ, ಸಾರ್ವಭೌಮತ್ವದ ಮಾತು ಜೋರಾಗಿತ್ತು ನಿಜ. ಆದರೂ ಹೊರಬರೋಣ ಅಂದವರ ಕೆಂಪು ಬಸ್ಸಿನ ಮೇಲೆ ಬರೆಸಿದ್ದು ವಾರಕ್ಕೆ 35 ಕೋಟಿ ಪೌಂಡ್ ಕಳಿಸ್ತಿದ್ದೀವಿ ಅನ್ನೋ ವಿವಾದಿತ ಲೆಕ್ಕವನ್ನೇ. ಲಾಭ ನೋಡಿ ಸೇರಿದವರಿಗೆ ನಷ್ಟ ತೋರಿಸಿ ಹೊರಡಿಸೋದು ಸುಲಭ, ಅಲ್ವಾ?