ಪನೀರ್ ತಿಂದು ಮಾಡಿದ ಉಪವಾಸ, ಅಜ್ಜಿಯ ಅಕ್ಕಿ ಡಬ್ಬ

ಕಳೆದ ವರ್ಷ ಲೆಂಟ್ ಶುರುವಾದ ಮೊದಲ ಶುಕ್ರವಾರ. ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನ ಕ್ರೈಸ್ತರಾದ ನಮಗೆ ಉಪವಾಸದ ಕಾಲ. ಕೆಲವರು ಒಂದು ಹೊತ್ತು ಊಟ ಬಿಡುತ್ತಾರೆ, ಕೆಲವರು ಮಾಂಸ ಬಿಡುತ್ತಾರೆ. ನಾನೂ ನನ್ನ ಗಂಡನೂ ಚಿಕನ್, ಮಟನ್, ಮೀನು ಬಿಟ್ಟಿದ್ದೆವು. ಅವತ್ತು ಆಫೀಸ್ ಕಾಲ್ ಮುಗಿಯೋ ಹೊತ್ತಿಗೆ ರಾತ್ರಿ ಒಂಬತ್ತೂವರೆ. ಮೊಬೈಲ್ ತೆಗೆದು ಪನೀರ್ ಬಟರ್ ಮಸಾಲ, ಕುಲ್ಚಾ, ಮಶ್ರೂಮ್ ಪೆಪ್ಪರ್ ಡ್ರೈ, ಜೊತೆಗೆ ಎರಡು ಗುಲಾಬ್ ಜಾಮೂನು ಆರ್ಡರ್ ಮಾಡಿದೆ. ಬಿಲ್ಲು 870 ರೂಪಾಯಿ. ಮಾಮೂಲಿ ದಿನ ಇಬ್ಬರಿಗೂ ಬಿರಿಯಾನಿ ತರಿಸಿದರೆ ಐನೂರು ದಾಟುತ್ತಿರಲಿಲ್ಲ.

"ಏನೇ, ಉಪವಾಸ ಇಷ್ಟು ದುಬಾರಿ ಆಯ್ತಲ್ಲ!" ಅಂತ ಗಂಡ ನಕ್ಕ. ನಾನೂ ನಕ್ಕೆ. ಮೂರು ದಿನದಲ್ಲಿ ಆ ನಗು ಇಂಗಿಹೋಯಿತು.

ಎರಡು ಸಾವಿರದ ಸಮಾಧಾನ

ಮರುದಿನ ಬೆಳಿಗ್ಗೆ ನಮ್ಮ ಅಡುಗೆ ಅಕ್ಕ ಚಪಾತಿ ಲಟ್ಟಿಸ್ತಾ ಮೆಲ್ಲಗೆ ಕೇಳಿದರು. ಅವರು ರಾಯಚೂರು ಕಡೆಯವರು, ವೈಟ್‌ಫೀಲ್ಡ್‌ನಲ್ಲಿ ನಮ್ಮದೂ ಸೇರಿ ನಾಲ್ಕು ಮನೆ ಅಡುಗೆ ಮಾಡ್ತಾರೆ. ಮಗಳು ನರ್ಸಿಂಗ್ ಓದ್ತಿದ್ದಾಳೆ. ಎರಡನೇ ಕಂತಿನ ಫೀಸು ಕಟ್ಟೋಕೆ ಇಪ್ಪತ್ತು ಸಾವಿರ ಕಡಿಮೆ ಬಿದ್ದಿತ್ತು.

"ನೋಡೋಣ ಅಕ್ಕ, ಈ ತಿಂಗಳು ನಮಗೂ ಸ್ವಲ್ಪ ಟೈಟು" ಅಂದೆ. ಅವರು ಹೋದ ಮೇಲೆ ಮನಸ್ಸು ತಡೆಯದೆ ಎರಡು ಸಾವಿರ ಫೋನಲ್ಲೇ ಕಳಿಸಿ, "ವಾಪಸ್ ಕೊಡೋದೇನೂ ಬೇಡ" ಅಂತ ಮೆಸೇಜ್ ಹಾಕಿದೆ. ನಿಜ ಹೇಳ್ತೀನಿ, ಹಾಗೆ ಕಳಿಸಿದ ಮೇಲೆ ಖುಷಿಯಾಯಿತು. ಲೆಂಟ್ ಕಾಲದಲ್ಲಿ ಒಂದು ಒಳ್ಳೆಯ ಕೆಲಸ ಆಯಿತು ಅನ್ನೋ ಖುಷಿ.

ಅದೇ ಮಧ್ಯಾಹ್ನ ಕಾರ್ ಶೋರೂಮಿಗೆ ಹೋದೆವು. ಏಳು ವರ್ಷದ ಹಳೇ ಚಿಕ್ಕ ಕಾರು ಕೊಟ್ಟು ದೊಡ್ಡದು ತಗೊಳ್ಳೋ ಯೋಚನೆ. ಬುಕಿಂಗ್ ಆಗಲೇ ಆಗಿತ್ತು. ಅಲಾಯ್ ವೀಲ್, ಸೀಟ್ ಕವರ್, ಅದು ಇದು ಅಂತ ಸೇಲ್ಸ್ ಹುಡುಗ ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆವು. ಮೂವತ್ತೆಂಟು ಸಾವಿರ ಹೆಚ್ಚಾಯಿತು. ಅದನ್ನು ತೀರ್ಮಾನ ಮಾಡೋಕೆ ನಮಗೆ ಬೇಕಾಗಿದ್ದು ಹತ್ತು ನಿಮಿಷ. 'ಟೈಟು' ಅನ್ನೋ ಮಾತು ಅಲ್ಲಿ ನೆನಪಿಗೇ ಬರಲಿಲ್ಲ.

ಭಾನುವಾರ ಚರ್ಚಿನಲ್ಲಿ ಅಯ್ಯನವರು ಪ್ರಸಂಗಕ್ಕೆ ಆರಿಸಿಕೊಂಡಿದ್ದು ಬಡ ವಿಧವೆಯ ಕಥೆ. ಸಂಡೇ ಸ್ಕೂಲಿನಿಂದ ನೂರು ಸಲ ಕೇಳಿದ್ದೇ. ಯೆರೂಸಲೇಮಿನ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಶ್ರೀಮಂತರು ದೊಡ್ಡ ದೊಡ್ಡ ಮೊತ್ತ ಹಾಕುತ್ತಿರುತ್ತಾರೆ. ಒಬ್ಬ ವಿಧವೆ ಬಂದು ಎರಡು ಪುಡಿ ನಾಣ್ಯ ಹಾಕುತ್ತಾಳೆ. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಅಂತ ಯೇಸು ಶಿಷ್ಯರಿಗೆ ಹೇಳುತ್ತಾನೆ. ಅವರು ಕೊಟ್ಟಿದ್ದು ಮಿಕ್ಕಿದ್ದರಲ್ಲಿ, ಇವಳು ಕೊಟ್ಟಿದ್ದು ಬದುಕಿಗೆ ಇದ್ದದ್ದನ್ನೇ.

ಅಯ್ಯನವರು ಕೊನೆಗೆ ಒಂದೇ ಮಾತು ಕೇಳಿದರು: "ಯೇಸು ನೋಡಿದ್ದು ಪೆಟ್ಟಿಗೆಗೆ ಬಿದ್ದದ್ದನ್ನಲ್ಲ, ಕೊಟ್ಟ ಮೇಲೆ ಕೈಯಲ್ಲಿ ಎಷ್ಟು ಉಳೀತು ಅನ್ನೋದನ್ನ. ನಿಮ್ಮ ಕೈಯಲ್ಲಿ ಎಷ್ಟು ಉಳಿದಿದೆ?"

ನಾನು ಬೆಂಚಿನಲ್ಲಿ ಕೂತು ಲೆಕ್ಕ ಹಾಕಿದೆ. ಆ ಎರಡು ಸಾವಿರ ಹೋಗಿದ್ದರಿಂದ ನನ್ನ ಬದುಕಲ್ಲಿ ಏನು ಕಡಿಮೆಯಾಯಿತು? ಒಂದು ಜಾಮೂನೂ ಕಡಿಮೆಯಾಗಿರಲಿಲ್ಲ.

ಅಜ್ಜಿಯ ಮುಷ್ಟಿ ಅಕ್ಕಿ

ನಮ್ಮ ಅಜ್ಜಿ ಇದ್ದದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ವಠಾರದಲ್ಲಿ. ತಾತನ ಸಂಬಳ ಚಿಕ್ಕದು, ಮಕ್ಕಳು ಐದು. ಅಡುಗೆಮನೆ ಮೂಲೆಯಲ್ಲಿ ಒಂದು ತಗಡಿನ ಡಬ್ಬ ಇರುತ್ತಿತ್ತು. ಅನ್ನಕ್ಕಿಡೋ ಮುಂಚೆ ಅಜ್ಜಿ ಅಳೆದ ಅಕ್ಕಿಯಿಂದ ಒಂದು ಮುಷ್ಟಿ ತೆಗೆದು ಅದಕ್ಕೆ ಹಾಕೋರು. ತಿಂಗಳಿಗೊಮ್ಮೆ ಅದು ಚರ್ಚಿಗೋ, ಬೀದಿಯಲ್ಲಿ ಯಾರದಾದರೂ ಒಲೆ ಉರಿಯದ ಮನೆಗೋ ಹೋಗುತ್ತಿತ್ತು.

"ಅನ್ನ ಉಳಿದ್ರೆ ಕೊಟ್ರಾಯ್ತಲ್ಲ ಅಜ್ಜಿ" ಅಂತ ಒಂದ್ಸಲ ಕೇಳಿದ್ದೆ.

"ಉಳಿದಿದ್ದನ್ನ ಕೊಟ್ರೆ ಅದು ಮಿಕ್ಕಿದ್ದು ಮಗ. ಮೊದ್ಲು ತೆಗೆದಿಟ್ರೆ ಕೊಟ್ಟಂಗೆ" ಅಂದಿದ್ದರು.

ಇದು ನಮ್ಮಜ್ಜಿ ಒಬ್ಬರದೇ ಪದ್ಧತಿ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಮಿಜೋರಾಂನಲ್ಲಿ 1910ರಿಂದ ಕ್ರೈಸ್ತ ಹೆಂಗಸರು ಇದನ್ನೇ ಮಾಡ್ತಿದ್ದಾರೆ. ಪ್ರತಿ ಸಲ ಅಡುಗೆಗೆ ಕೂತಾಗ ಒಂದು ಹಿಡಿ ಅಕ್ಕಿ ಬೇರೆ ಇಡ್ತಾರೆ. 'ಬುಹ್‌ಫಾಯ್ ಥಾಮ್' ಅಂತ ಅದಕ್ಕೆ ಹೆಸರು. ಮನೆಮನೆಯಿಂದ ಕೂಡಿಸಿ ಮಾರಿದ ಆ ಅಕ್ಕಿಯಿಂದ ಅಲ್ಲಿನ ಸಭೆಗೆ ಇವತ್ತು ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಬರುತ್ತದೆ. ಶ್ರೀಮಂತರು ಕಡಿಮೆ ಇದ್ದ ಗುಡ್ಡಗಾಡಿನಲ್ಲಿ ಶುರುವಾದದ್ದು ಅದು.

ಇನ್‌ಕ್ರಿಮೆಂಟ್ ಬಂದಾಗ ಏನಾಗುತ್ತೆ?

ನಮ್ಮ ಚರ್ಚು ಮೂಲದಲ್ಲಿ ವೆಸ್ಲಿಯನ್ ಮಿಷನ್ನಿನದು. 19ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಮಿಷನ್ ಅದು. 1947ರಲ್ಲಿ ಬೇರೆ ಸಭೆಗಳ ಜೊತೆ ಸೇರಿ ಸಿಎಸ್‌ಐ ಆಯಿತು. ಆ ಹೆಸರಿನ ಹಿಂದಿರುವ ಜಾನ್ ವೆಸ್ಲಿ 18ನೇ ಶತಮಾನದ ಇಂಗ್ಲೆಂಡಿನವರು. ಅವರು ಆಕ್ಸ್‌ಫರ್ಡಿನಲ್ಲಿದ್ದ ಕಾಲದ ಒಂದು ಲೆಕ್ಕ ಪ್ರಸಿದ್ಧ. ಒಂದು ವರ್ಷ ಆದಾಯ 30 ಪೌಂಡ್, ಖರ್ಚು 28, ಉಳಿದ 2 ಪೌಂಡ್ ಬಡವರಿಗೆ. ಮುಂದಿನ ವರ್ಷ ಆದಾಯ ಡಬಲ್ ಆಗಿ 60 ಆಯಿತು. ಖರ್ಚು ಮಾತ್ರ ಅದೇ 28, ಕೊಟ್ಟದ್ದು 32. ಆದಾಯ 90 ಆದಾಗ ಕೊಟ್ಟದ್ದು 62. 120 ಆದಾಗ 92.

ಇದನ್ನು ಓದಿ ನನ್ನ ಹತ್ತು ವರ್ಷದ ಲೆಕ್ಕ ನೆನೆಸಿಕೊಂಡೆ. ಮೊದಲ ಕೆಲಸಕ್ಕೆ ಸೇರಿದಾಗ ಪಿಜಿಯಲ್ಲಿದ್ದೆ, ಬಸ್ಸಲ್ಲಿ ಓಡಾಡ್ತಿದ್ದೆ. ಸಂಬಳದಲ್ಲಿ ಹತ್ತನೇ ಒಂದು ಪಾಲು, ಅಂದರೆ ದಶಮಾಂಶ, ತಪ್ಪದೆ ತೆಗೆದಿಡ್ತಿದ್ದೆ. ಈಗ ಸಂಬಳ ಆವತ್ತಿನ ಆರು ಪಟ್ಟು. ಕಾಣಿಕೆ ಮಾತ್ರ 'ನೋಡೋಣ, ತಿಂಗಳ ಕೊನೆಗೆ' ಅನ್ನೋ ಸ್ಥಿತಿಗೆ ಬಂದಿತ್ತು. ಬಾಡಿಗೆ ಮನೆ ಹೋಗಿ ಫ್ಲಾಟ್ ಬಂತು, ಸೆಲೂನ್ ಬದಲಾಯಿತು, ಕಾಫಿ ಕೂಡ ಬದಲಾಯಿತು. ಇದರಲ್ಲಿ ಯಾವುದೂ ಪಾಪದ ಕೆಲಸ ಅಲ್ಲ. ಆದರೆ ಆದಾಯ ಏರಿದಷ್ಟೂ ಅಗತ್ಯಗಳೂ ಸದ್ದಿಲ್ಲದೆ ಏರಿ, ಬೇರೆಯವರ ಪಾಲನ್ನು ನುಂಗಿ ಹಾಕಿದ್ದವು.

ಬೈಬಲ್ಲಿನ ಯಾಜಕಕಾಂಡದಲ್ಲಿ ರೈತರಿಗೆ ಒಂದು ಕಟ್ಟಳೆ ಇದೆ. ಬೆಳೆ ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬಾರದು, ಬಿದ್ದ ತೆನೆ ಆಯಬಾರದು. ಅದು ಬಡವರಿಗೆ, ಪರದೇಶಿಗಳಿಗೆ ಸೇರಿದ್ದು. ಬೋವಜನ ಹೊಲದಲ್ಲಿ ತೆನೆ ಆಯ್ದು ಬದುಕಿದ ರೂತಳ ಕಥೆ ಹುಟ್ಟೋದೇ ಈ ಕಟ್ಟಳೆಯಿಂದ. ನಾವು ಸಂಬಳದ ಹೊಲವನ್ನು ಇಎಂಐ ಹಾಕಿ ಅಂಚಿನವರೆಗೂ ಕೊಯ್ದುಬಿಟ್ಟಿದ್ದೆವು. ಯಾರಾದರೂ ಆಯಲು ಬಂದರೆ ಒಂದು ತೆನೆಯೂ ಇರಲಿಲ್ಲ.

ಮನೆಯಲ್ಲಿ ಜಗಳ

ಕಾರು ಬೇಡ ಅಂದಾಗ ಗಂಡನಿಗೆ ಸಿಟ್ಟು ಬಂತು. "ನಿನಗೆ ಪ್ರಸಂಗ ಕೇಳಿ ಕಣ್ಣಲ್ಲಿ ನೀರು ಬಂದ್ರೆ ನನ್ನ ಕಾರ್ ಯಾಕೆ ಹೋಗ್ಬೇಕು?" ಅಂದ. ಅವನ ಮಾತಲ್ಲೂ ನ್ಯಾಯ ಇತ್ತು. ಚಿಕ್ಕಂದಿನಲ್ಲಿ ಬೇರೆಯವರ ಸ್ಕೂಟರ್ ಒರೆಸಿ ಓದಿದವನು ಅವನು. ದೊಡ್ಡ ಕಾರು ಅವನಿಗೆ ಬರೀ ಕಾರಾಗಿರಲಿಲ್ಲ. ನಾಲ್ಕು ದಿನ ಸರಿಯಾಗಿ ಮಾತಿರಲಿಲ್ಲ. ಐದನೇ ದಿನ ಅವನೇ ಕ್ಯಾಲ್ಕುಲೇಟರ್ ಹಿಡಿದು ಬಂದ. ಹೊಸ ಕಾರಿನ ಇಎಂಐ ತಿಂಗಳಿಗೆ ಹದಿನಾಲ್ಕು ಸಾವಿರ. "ಎರಡು ವರ್ಷ ಮುಂದೆ ಹಾಕೋಣ. ಆಮೇಲೆ ನೋಡೋಣ" ಅಂದ. ಬುಕಿಂಗ್ ರದ್ದು ಮಾಡಿದ್ದಕ್ಕೆ ಒಂದಿಷ್ಟು ದುಡ್ಡು ಕಟ್ ಆಯಿತು. ಅತ್ತೆ ಫೋನ್ ಮಾಡಿ "ಕೆಲಸಕ್ಕೇನಾದ್ರೂ ತೊಂದ್ರೆ ಆಯ್ತೇನಮ್ಮ?" ಅಂತ ಎರಡು ಸಲ ಕೇಳಿದರು.

ಅಡುಗೆ ಅಕ್ಕನಿಗೆ ಇಪ್ಪತ್ತು ಸಾವಿರ ಕೊಡೋಕೆ ಹೋದಾಗ ಅವರು ತಗೊಳ್ಳಲಿಲ್ಲ. "ದಾನ ಬ್ಯಾಡ್ರಿ ಮೇಡಂ. ಸಾಲ ಅಂತ ಕೊಡ್ರಿ. ತಿಂಗಳಾ ಸಾವಿರ ಹಿಡ್ಕೊಳ್ರಿ. ಮೊನ್ನೆದು ಎರಡು ಸಾವಿರಾನೂ ಅದ್ರಾಗ ಸೇರಿಸ್ರಿ."

ನನ್ನ ಮುಖ ಸಣ್ಣದಾಯಿತು. ಅಷ್ಟು ದಿನ ನಾನು ಯೋಚಿಸಿದ್ದು ನಾನು ಏನು ಕೊಡ್ತೀನಿ ಅಂತ ಮಾತ್ರ, ತಗೊಳ್ಳೋರ ಮರ್ಯಾದೆ ನೆನಪಾಗಿರಲಿಲ್ಲ. ಅವತ್ತು ಇನ್ನೊಂದು ಪ್ರಶ್ನೆಯೂ ಎದ್ದಿತು. ಮೂರು ವರ್ಷದಿಂದ ಅವರ ಸಂಬಳ ಮೂರೂವರೆ ಸಾವಿರದಲ್ಲೇ ನಿಂತಿತ್ತು. ಆ ಮೂರು ವರ್ಷದಲ್ಲಿ ನನಗೆ ಮೂರು ಇನ್‌ಕ್ರಿಮೆಂಟ್ ಬಂದಿತ್ತು. ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರು ಉಪವಾಸ ಮಾಡೋರನ್ನ ತರಾಟೆಗೆ ತಗೊಳ್ಳೋದೇ ಇದಕ್ಕೆ: ಉಪವಾಸದ ದಿನವೂ ನಿಮ್ಮ ಇಷ್ಟವನ್ನೇ ನಡೆಸುತ್ತೀರಿ, ಕೆಲಸದವರನ್ನು ಹಿಂಡುತ್ತೀರಿ ಅಂತ. ನಾನು ದಾನದ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ. ಮೊದಲು ತೀರಿಸಬೇಕಾದ ಬಾಕಿಯೇ ಬೇರೆ ಇತ್ತು.

ಸಾಲ ಸಾಲವಾಗಿಯೇ ಕೊಟ್ಟೆವು. ಸಂಬಳ ಐದೂವರೆ ಸಾವಿರ ಮಾಡಿದೆವು, ಭಾನುವಾರ ರಜೆ, ಹುಷಾರಿಲ್ಲದಾಗ ಕಟ್ ಇಲ್ಲ. ಇದಕ್ಕೆ ಅಕ್ಕ ಬೇಡ ಅನ್ನಲಿಲ್ಲ. "ಇದು ನನ್ನ ದುಡಿಮೀದು" ಅಂದರು. ಕಾರಿನ ಇಎಂಐ ಆಗಬೇಕಿದ್ದ ಉಳಿದ ದುಡ್ಡು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹೋಗೋ ಹಾಗೆ ಮಾಡಿದೆವು. ಫೋನಲ್ಲಿ ಆ ಖಾತೆಗೆ 'ಡಬ್ಬ' ಅಂತ ಹೆಸರಿಟ್ಟಿದ್ದೇನೆ. ಆಸ್ಪತ್ರೆ ಬಿಲ್ಲು, ಯಾರದ್ದೋ ಮಗುವಿನ ಶಾಲೆ, ಚರ್ಚಿನ ಹಾಸ್ಟೆಲ್ ಹುಡುಗರ ಪುಸ್ತಕ, ಎಲ್ಲಾ ಅಲ್ಲಿಂದಲೇ.

ಭಯ ಬಂದ ತಿಂಗಳು

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಅಕ್ಟೋಬರಿನಲ್ಲಿ ಗಂಡನ ಪ್ರಾಜೆಕ್ಟ್ ಮುಗಿದು ಎರಡು ತಿಂಗಳು ಬೆಂಚ್ ಮೇಲಿದ್ದ. ಸುತ್ತ ಜನರ ಕೆಲಸ ಹೋಗ್ತಿತ್ತು. ಆ ತಿಂಗಳು 'ಡಬ್ಬ'ದ ದುಡ್ಡು ನೋಡಿ ನನ್ನ ಕೈ ನಡುಗಿತು. ಇದನ್ನ ವಾಪಸ್ ತಗೊಂಡರೆ ಯಾರು ಕೇಳ್ತಾರೆ? ಕೊನೆಗೆ ತಿಂಗಳ ಮೊತ್ತವನ್ನು ಅರ್ಧಕ್ಕಿಳಿಸಿದೆವು, ಇದ್ದದ್ದನ್ನು ಮುಟ್ಟಲಿಲ್ಲ. ಇದರಲ್ಲಿ ಶೌರ್ಯ ಏನೂ ಇಲ್ಲ. ಆ ವಿಧವೆ ಎರಡೂ ನಾಣ್ಯ ಹಾಕಿದ್ದಳು. ಅಷ್ಟು ಧೈರ್ಯ ನನಗೆ ಬಂದಿಲ್ಲ. ಅಕ್ಕ ಮಾತ್ರ ಆ ಎರಡು ತಿಂಗಳೂ ಒಂದನೇ ತಾರೀಕು ಸಾವಿರ ರೂಪಾಯಿ ಎಣಿಸಿ ಟೇಬಲ್ ಮೇಲಿಟ್ಟು ಹೋದರು. ಗಂಡನಿಗೆ ಡಿಸೆಂಬರಿನಲ್ಲಿ ಹೊಸ ಪ್ರಾಜೆಕ್ಟ್ ಸಿಕ್ಕಿತು. 'ಡಬ್ಬ' ಮತ್ತೆ ಮೊದಲಿನ ಮೊತ್ತಕ್ಕೆ ಬಂದಿದೆ.

ಕೊಡೋದು ಬರೀ ಕ್ರೈಸ್ತರ ಸೊತ್ತಲ್ಲ. ಬಸವಣ್ಣನವರ ನಾಡಿನಲ್ಲಿ ದಾಸೋಹ ಇದೆ, ಮುಸ್ಲಿಂ ಗೆಳತಿಯರ ಮನೆಯಲ್ಲಿ ಝಕಾತ್ ಲೆಕ್ಕ ನೋಡಿದ್ದೇನೆ. ನಿಮ್ಮ ಮನೆಯಲ್ಲೂ ಒಂದು ಡಬ್ಬ ಇದ್ದಿರಬಹುದು. ಹಾಗಾಗಿ ಇಷ್ಟು ಮಾತ್ರ ಹೇಳ್ತೀನಿ. ಮುಂದಿನ ಇನ್‌ಕ್ರಿಮೆಂಟ್ ಬಂದಾಗ ಖರ್ಚಿನ ಪಟ್ಟಿಗಿಂತ ಮೊದಲು ಒಂದು ಪಾಲು ತೆಗೆದಿಡಿ. ನಿಮ್ಮ ಮನೆ ಕೆಲಸದವರ ಸಂಬಳ ಕೊನೆಯ ಸಲ ಯಾವಾಗ ಏರಿತು ಅಂತ ನೆನಪು ಮಾಡಿಕೊಳ್ಳಿ. ಕೊಟ್ಟದ್ದರ ಫೋಟೋ ತೆಗೀಬೇಡಿ.

ಈ ವರ್ಷದ ಲೆಂಟ್‌ನಲ್ಲಿ ನಾವು ಆ್ಯಪ್‌ನಲ್ಲಿ ಊಟ ತರಿಸೋದನ್ನೇ ಬಿಟ್ಟಿದ್ದೇವೆ. ರಾತ್ರಿ ಅನ್ನ, ಹುಳಿ, ಒಂದು ಪಲ್ಯ. ಹಳೇ ಕಾರಿನ ಎಸಿ ಹೋದ ತಿಂಗಳು ಕೆಟ್ಟಿದೆ. ಮೊನ್ನೆ ಸಿಗ್ನಲ್‌ನಲ್ಲಿ ಬೆವರು ಒರೆಸಿಕೊಳ್ತಾ ಗಂಡ ಪಕ್ಕದಲ್ಲಿ ನಿಂತ ದೊಡ್ಡ ಕಾರನ್ನೇ ನೋಡ್ತಿದ್ದ. ನಾನು ಏನೂ ಕೇಳಲಿಲ್ಲ. ಸಿಗ್ನಲ್ ಬಿಟ್ಟ ಮೇಲೆ ಅವನೇ ಹೇಳಿದ: "ಅಕ್ಕನ ಮಗಳದು ಮುಂದಿನ ತಿಂಗಳು ಪರೀಕ್ಷೆ ಅಂತೆ. ಆ ಹುಡುಗಿಗೆ ಪುಸ್ತಕ ಗಿಸ್ತಕ ಏನಾದ್ರೂ ಬೇಕಾ ಕೇಳು. ಸಾಲ ಅಂತಾನೇ ಹೇಳು."